ಬೀಟಾ ಸೆಲ್‌ಗಳಲ್ಲಿ ಲೀಡರ್ ಯಾರು? ಎಲ್ಲಾ ಒಟ್ಟಿಗೆ ಇನ್ಸುಲಿನ್ ಬಿಡೋದು ಹೇಗೆ?

ಅರ್ಧಜ್ಞಾನಿ:

ಎಲ್ರಿಗೂ ನಮಸ್ಕಾರ. ಬಯೋಕೆಮಿಸ್ಟ್ರಿ ಓದ್ತಿದೀನಿ, ಮುಂದಿನ ವಾರ ಕ್ಲಾಸಲ್ಲಿ ಇನ್ಸುಲಿನ್ ಬಗ್ಗೆ ಅರ್ಧ ಗಂಟೆ ಮಾತಾಡಬೇಕು. ಬುಕ್ಕಲ್ಲಿರೋ ಕಥೆ ಬಾಯಿಪಾಠ ಆಗಿದೆ. ಮೇದೋಜೀರಕದಲ್ಲಿ ಇನ್ಸುಲಿನ್ ಮಾಡೋ ಬೀಟಾ ಸೆಲ್ ಒಳಗೆ ಗ್ಲೂಕೋಸ್ ಹೋಗತ್ತೆ, ಗ್ಲೂಕೋಕೈನೇಸ್ ಅನ್ನೋ ಕಿಣ್ವ ಅದನ್ನ ಹಿಡ್ಕೊಳತ್ತೆ, ಸೆಲ್ಲಿನ ಇಂಧನ ಎಟಿಪಿ ಜಾಸ್ತಿ ಆಗತ್ತೆ, ಕೆ-ಎಟಿಪಿ ಚಾನಲ್ ಮುಚ್ಚತ್ತೆ, ಪೊಟ್ಯಾಸಿಯಮ್ ಹೊರಗೆ ಹೋಗೋಕಾಗ್ದೆ ವೋಲ್ಟೇಜ್ ಏರತ್ತೆ, ಆಗ ಕ್ಯಾಲ್ಸಿಯಮ್ ಚಾನಲ್ ತೆಗೆದು ಕ್ಯಾಲ್ಸಿಯಮ್ ನುಗ್ಗತ್ತೆ, ಇನ್ಸುಲಿನ್ ತುಂಬಿರೋ ಗ್ರಾನ್ಯೂಲ್‌ಗಳು ಮೆಂಬ್ರೇನ್‌ಗೆ ಸೇರ್ಕೊಂಡು ಇನ್ಸುಲಿನ್ ಹೊರಗೆ ಸುರೀತವೆ. ಸರಿ.

ಆದ್ರೆ ಇದು ಒಂದು ಸೆಲ್ಲಿನ ಕಥೆ ಅಷ್ಟೇ ಅಲ್ವಾ. ಈ ಸೆಲ್‌ಗಳು ಐಲೆಟ್ ಅನ್ನೋ ಸಣ್ಣ ಉಂಡೆಗಳಲ್ಲಿ ಗುಂಪಾಗಿರ್ತವೆ, ಒಂದೊಂದು ಐಲೆಟ್ಟಲ್ಲಿ ನೂರಾರು, ದೊಡ್ಡದಾದ್ರೆ ಸಾವಿರಾರು ಸೆಲ್ ಇರ್ತವೆ, ಅಂಥ ಐಲೆಟ್‌ಗಳು ಮೇದೋಜೀರಕದಲ್ಲಿ ಹತ್ತು ಲಕ್ಷದ ಲೆಕ್ಕದಲ್ಲಿವೆ, ಆದ್ರೂ ಇನ್ಸುಲಿನ್ ಸೋರೋ ನಲ್ಲಿ ಥರ ಒಂದೇ ಸಮ ಬರಲ್ಲ, ಕೆಲವು ನಿಮಿಷಕ್ಕೊಂದ್ಸಲ ಅಲೆ ಅಲೆಯಾಗಿ ಬರತ್ತೆ ಅಂತ ಓದಿದೆ. ಅಲೆ ಬರಬೇಕು ಅಂದ್ರೆ ಎಲ್ಲಾ ಒಟ್ಟಿಗೆ ಬಿಡಬೇಕು ತಾನೆ? ಹಾಗಾದ್ರೆ "ಹ್ಞೂಂ ಈಗ" ಅನ್ನೋರು ಯಾರು? ನರನಾ, ಯಾವ್ದಾದ್ರೂ ಲೀಡರ್ ಸೆಲ್ಲಾ? ಇನ್ನೊಂದು ಡೌಟು, ರಕ್ತದಲ್ಲಿರೋ ಗ್ಲೂಕೋಸ್ ಎಲ್ಲಾ ಸೆಲ್ಲಿಗೂ ಒಂದೇ, ಮೆಷಿನ್ನೂ ಒಂದೇ, ಅಂದ್ಮೇಲೆ ಪ್ರತಿಯೊಂದೂ ತನ್ನ ಪಾಡಿಗೆ ಕೆಲಸ ಮಾಡಿದ್ರೆ ಸಾಕಲ್ಲ, ಮಾತಾಡ್ಕೊಳ್ಳೋ ಅಗತ್ಯ ಏನು?

ಕೋಶಪ್ರೇಮಿ:

ನಿಮ್ಮ ಎರಡನೇ ಡೌಟಿಂದ ಶುರು ಮಾಡ್ತೀನಿ, ಅದು ಬಗೆಹರಿದ್ರೆ ಮೊದಲನೇದು ಅರ್ಧ ತೀರಿದ ಹಾಗೆ.

"ಮೆಷಿನ್ ಒಂದೇ" ಅಂದ್ರಲ್ಲ, ಅಲ್ಲೇ ತಪ್ಪಾಗಿರೋದು. ಒಂದು ಐಲೆಟ್ ತಗೊಂಡು ಸೆಲ್ಲು ಸೆಲ್ಲಾಗಿ ಬಿಡಿಸಿ ಡಿಶ್ಶಲ್ಲಿ ದೂರ ದೂರ ಕೂರಿಸಿ ಗ್ಲೂಕೋಸ್ ನಿಧಾನಕ್ಕೆ ಏರಿಸ್ತಾ ಹೋಗಿ, ಒಂದು 5 ಮಿಲಿಮೋಲಾರ್‌ಗೇ (ಗ್ಲೂಕೋಸ್ ಎಷ್ಟು ಗಟ್ಟಿಯಿದೆ ಅನ್ನೋ ಅಳತೆ) ಎದ್ದು ಕೂತ್ರೆ ಇನ್ನೊಂದು 10 ಆದ್ರೂ ಕಣ್ಣು ಬಿಡಲ್ಲ, ಕೆಲವಂತೂ ಏಳೋದೇ ಇಲ್ಲ. ಗ್ಲೂಕೋಕೈನೇಸ್ ಎಷ್ಟಿದೆ, ಚಾನಲ್ ಎಷ್ಟಿವೆ, ಸೆಲ್ಲಿಗೆ ವಯಸ್ಸೆಷ್ಟು, ಎಲ್ಲದ್ರಲ್ಲೂ ಹೆಚ್ಚುಕಮ್ಮಿ ಇರತ್ತೆ. ಎತ್ತು ಏರಿಗೆ ಎಳೀತು ಕೋಣ ನೀರಿಗೆ ಎಳೀತು ಅಂತಾರಲ್ಲ, ಬಿಡಿ ಬಿಡಿಯಾಗಿ ನೋಡಿದ್ರೆ ಬೀಟಾ ಸೆಲ್‌ಗಳ ಸಂಸಾರ ಅದೇ. ಆದ್ರೆ ಅದೇ ಸೆಲ್‌ಗಳು ಐಲೆಟ್ ಒಳಗೆ ಒಟ್ಟಿಗಿದ್ದಾಗ, ಇಲಿಯ ಐಲೆಟ್ ಲೆಕ್ಕ ಹೇಳೋದಾದ್ರೆ, 7 ಮಿಲಿಮೋಲಾರ್ ಆಸುಪಾಸಲ್ಲಿ ಎಲ್ಲಾ ಒಟ್ಟಿಗೆ ಏಳ್ತವೆ, ಅದಕ್ಕಿಂತ ಕೆಳಗಿದ್ರೆ ಎಲ್ಲಾ ಒಟ್ಟಿಗೆ ಸುಮ್ನಿರ್ತವೆ. ಬಿಡಿಸಿದ ಸೆಲ್‌ಗಳನ್ನ ಮತ್ತೆ ಗುಂಪಾಗಿ ಅಂಟ್ಕೊಳ್ಳೋಕೆ ಬಿಟ್ರೆ ಇನ್ಸುಲಿನ್ ಬಿಡೋದೂ ಸುಧಾರಿಸತ್ತೆ.

ಈ ಒಗ್ಗಟ್ಟಿಗೆ ಮುಖ್ಯ ಕಾರಣ ಗ್ಯಾಪ್ ಜಂಕ್ಷನ್. ಅಕ್ಕಪಕ್ಕದ ಎರಡು ಬೀಟಾ ಸೆಲ್ ಮಧ್ಯೆ ಗೋಡೇಲಿ ಕೊರೆದ ಕಿಂಡಿ ಅನ್ಕೊಳ್ಳಿ. ಕನೆಕ್ಸಿನ್ 36 ಅನ್ನೋ ಪ್ರೋಟೀನ್ ಆರು ಸೇರಿ ಅರ್ಧ ಕಿಂಡಿ, ಪಕ್ಕದ ಸೆಲ್ಲಿಂದ ಬರೋ ಇನ್ನಾರು ಸೇರಿ ಪೂರ್ತಿ ಕಿಂಡಿ. ಅದ್ರೊಳಗಿಂದ ಅಯಾನ್‌ಗಳು ಆ ಕಡೆ ಈ ಕಡೆ ಹರೀತವೆ, ಅಂದ್ರೆ ಒಂದು ಸೆಲ್ಲಿನ ವೋಲ್ಟೇಜ್ ಪಕ್ಕದ ಸೆಲ್ಲಿಗೂ ತಾಗತ್ತೆ. ನರ ಬಂದು ಹೇಳೋದೇ ಬೇಕಾಗಿಲ್ಲ. ದೇಹದಿಂದ ತೆಗೆದು ಡಿಶ್ಶಲ್ಲಿ ಇಟ್ಟ ಒಂಟಿ ಐಲೆಟ್ಟೂ ತಾಳಕ್ಕೆ ಸರಿಯಾಗಿ ಮಿಡಿಯತ್ತೆ.

ಎಲ್ರೂ ಮರೆಯೋ ಇನ್ನೊಂದು ವಿಷ್ಯ ಇದೆ, ಅದನ್ನಂತೂ ಕ್ಲಾಸಲ್ಲಿ ಹೇಳಿ. ಈ ಕಿಂಡಿಗಳ ಕೆಲಸ ಎಬ್ಬಿಸೋದು ಮಾತ್ರ ಅಲ್ಲ, ಕೂರಿಸೋದೂ ಹೌದು. ನನ್ನ ಕೇಳಿದ್ರೆ ಕೂರಿಸೋದೇ ಹೆಚ್ಚು ಮುಖ್ಯ.

ಅರ್ಧಜ್ಞಾನಿ:

ಕೂರಿಸೋದು ಅಂದ್ರೆ ಏನ್ ಸರ್, ಬ್ರೇಕ್ ಥರನಾ? ಸ್ವಲ್ಪ ಬಿಡಿಸಿ ಹೇಳಿ.

ಕೋಶಪ್ರೇಮಿ:

ಹೌದು ಬ್ರೇಕೇ. ಊಟ ಮಾಡಿ ತುಂಬಾ ಹೊತ್ತಾಗಿದೆ, ಗ್ಲೂಕೋಸ್ 4-5 ಇದೆ ಅನ್ಕೊಳ್ಳಿ. ಆತುರಗಾರ ಸೆಲ್ ಒಂದು ಅಷ್ಟಕ್ಕೇ ಉರಿಯೋಕೆ ಹೊರಡತ್ತೆ. ಅದ್ರ ಸುತ್ತ ಇರೋ ಸೆಲ್‌ಗಳಲ್ಲಿ ಕೆ-ಎಟಿಪಿ ಚಾನಲ್ ಇನ್ನೂ ತೆರೆದೇ ಇದೆ, ವೋಲ್ಟೇಜ್ ಮೈನಸ್ 70 ಮಿಲಿವೋಲ್ಟ್ ಹತ್ರ ತಣ್ಣಗಿದೆ. ಆತುರಗಾರ ಏರಿಸಿದ ಕರೆಂಟ್ ಎಲ್ಲಾ ಕಿಂಡಿಯಿಂದ ಪಕ್ಕದವರ ಕಡೆ ಸೋರಿ ಹೋಗತ್ತೆ, ಇವನು ಕ್ಯಾಲ್ಸಿಯಮ್ ಚಾನಲ್ ತೆಗೆಯೋ ಮಟ್ಟ ಮುಟ್ಟೋದೇ ಇಲ್ಲ.

ಇದನ್ನ ಚೆನ್ನಾಗಿ ತೋರ್ಸಿದ ಒಂದು ಪ್ರಯೋಗ 2006ರಲ್ಲಿ ಬಂತು. ಇಲಿಗಳಲ್ಲಿ ಜೀನ್ ಬದಲಾಯಿಸಿ ಸುಮಾರು 70% ಬೀಟಾ ಸೆಲ್‌ಗಳಲ್ಲಿ ಕೆ-ಎಟಿಪಿ ಚಾನಲ್ ಕೆಲಸ ಮಾಡದ ಹಾಗೆ ಮಾಡಿದ್ರು, ಉಳಿದವು ಮಾಮೂಲಿ. ಲೆಕ್ಕದ ಪ್ರಕಾರ ಆ 70% ಸೆಲ್‌ಗಳು ಗ್ಲೂಕೋಸ್ ಇರಲಿ ಬಿಡಲಿ ಯಾವಾಗ್ಲೂ ಕಿರುಚ್ತಾ ಇರಬೇಕು. ಬಿಡಿಸಿ ನೋಡಿದ್ರೆ ಹಾಗೇ ಕಿರುಚ್ತಿದ್ವು. ಐಲೆಟ್ ಒಳಗೆ ಒಟ್ಟಿಗಿದ್ದಾಗ ಮಾತ್ರ ಉಳಿದ 30% ಸೇರಿ ಇಡೀ ಐಲೆಟ್‌ನ ಕಡಿಮೆ ಗ್ಲೂಕೋಸಲ್ಲಿ ಸುಮ್ನೆ ಕೂರಿಸಿದ್ವು. ಮೂವತ್ತು ಜನ ಶಾಂತವಾಗಿದ್ದು ಎಪ್ಪತ್ತು ಜನರ ಬಾಯಿ ಮುಚ್ಚಿಸೋದು ಅಂದ್ರೆ ಸುಮ್ನೆ ಮಾತಲ್ಲ, ನಮ್ಮ ಗ್ರೂಪ್ ಚಾಟಲ್ಲಿ ಒಂದಿನಾನೂ ಆಗಿಲ್ಲ.

ತದ್ವಿರುದ್ಧ ಪ್ರಯೋಗಾನೂ ಇದೆ. ಕನೆಕ್ಸಿನ್ 36 ಇಲ್ಲದ ಇಲಿ ಮಾಡಿದ್ರೆ ಐಲೆಟ್ ಒಳಗಿನ ತಾಳ ತಪ್ಪತ್ತೆ, ಒಂದೊಂದು ಸೆಲ್ಲೂ ತನ್ನ ಪಾಡಿಗೆ ಮಿಣುಕತ್ತೆ, ಕಡಿಮೆ ಗ್ಲೂಕೋಸಲ್ಲಿ ಇನ್ಸುಲಿನ್ ಸೋರತ್ತೆ, ಗ್ಲೂಕೋಸ್ ಕೊಟ್ಟಾಗ ಮಾತ್ರ ಬರಬೇಕಾದ ಮೊದಲ ಜೋರು ಅಲೆ ಮಂಕಾಗತ್ತೆ. ಗಮನಿಸಿ, ಇಲ್ಲಿ ಒಂದು ಸೆಲ್ಲಿಗೂ ಇನ್ಸುಲಿನ್ ಮಾಡೋಕೆ ಬರಲ್ಲ ಅಂತ ಅಲ್ಲ. ಕಿಂಡಿ ಇಲ್ಲ ಅಷ್ಟೇ.

ವೈರ್‌ಮ್ಯಾನ್:

ನಾನು ಎಲೆಕ್ಟ್ರಾನಿಕ್ಸ್‌ನೋನು, ಬಯಾಲಜಿ ಹತ್ತನೇ ಕ್ಲಾಸಿಗೇ ಕೈ ಮುಗಿದಿದ್ದೆ, ಆದ್ರೂ ಈ ಥ್ರೆಡ್ ಓದಿ ಕೈ ಕಟ್ಕೊಂಡು ಕೂರೋಕಾಗ್ಲಿಲ್ಲ. ಒಂಟಿ ಸೆಲ್ ಯಾಕೆ ಹುಚ್ಚುಚ್ಚಾಗಿ ಆಡತ್ತೆ ಅನ್ನೋಕೆ ಇನ್ನೊಂದು ಕಾರಣ ನಂಗೆ ಕಾಣ್ತಿದೆ, ಅದು ನಾಯ್ಸ್. ಚಾನಲ್‌ಗಳು ನಲ್ಲಿ ತಿರುಗಿಸಿದ ಹಾಗೆ ನಯವಾಗಿ ತೆರೆಯಲ್ಲ ತಾನೆ, ಒಂದೊಂದೂ ಟಪ್ ಅಂತ ತೆರೆದು ಟಪ್ ಅಂತ ಮುಚ್ಚತ್ತೆ, ಯಾವಾಗ ಅನ್ನೋದು ಅದೃಷ್ಟ. ಸಣ್ಣ ಸೆಲ್ಲಲ್ಲಿ ಒಂದೊಂದು ಹೊತ್ತಲ್ಲಿ ತೆರೆದಿರೋದು ಬೆರಳೆಣಿಕೆ ಚಾನಲ್ ಆದ್ರೆ ಒಂದು ಜಾಸ್ತಿ ತೆರೆದ್ರೂ ವೋಲ್ಟೇಜ್ ಅಲ್ಲಾಡಿ ಹೋಗತ್ತೆ. ನೂರು ಸೆಲ್ ಸೇರಿಸಿ ವೈರ್ ಎಳೆದ್ರೆ ಎಲ್ರ ಚಾನಲ್ಲೂ ಎಲ್ರದ್ದೂ ಆಗತ್ತೆ, ಗದ್ದಲ ಒಂದಕ್ಕೊಂದು ಕಡಿದು ಹೋಗತ್ತೆ, ಆಗ ಸರ್ಕ್ಯೂಟ್ ಒಳಗಿರೋ ನಿಜವಾದ ತಾಳ ಹೊರಗೆ ಬರತ್ತೆ. ನಾನು ಹೇಳ್ತಿರೋದು ಸರಿನಾ ಅಥ್ವಾ ಸುಮ್ನೆ ಬಿಡ್ತಿದೀನಾ?

ಕೋಶಪ್ರೇಮಿ:

ಬಿಡ್ತಿಲ್ಲ ಗುರು, ನೀವು ಈಗ ಹೇಳಿದ್ದನ್ನ 1988ರಲ್ಲಿ ಶೆರ್ಮನ್, ರಿನ್ಜೆಲ್, ಕೈಜರ್ ಅನ್ನೋ ಮೂವರು ಗಣಿತ ಹಾಕಿ ಪೇಪರ್ ಬರೆದಿದಾರೆ. ಚಾನಲ್‌ಗಳನ್ನ ಹಂಚ್ಕೊಳ್ಳೋದ್ರಿಂದಲೇ ಶಿಸ್ತಿನ ತಾಳ ಹುಟ್ಟತ್ತೆ ಅನ್ನೋದು ಅದ್ರ ಸಾರ. ಹತ್ತನೇ ಕ್ಲಾಸಿಗೆ ಬಿಟ್ಟಿದ್ದು ತಪ್ಪಾಯ್ತು ನೋಡಿ.

ಕತ್ತಲೆಕೋಣೆ:

ನಾನು ಕೆಲವು ವರ್ಷ ಇಲಿ ಐಲೆಟ್ ಮೇಲೆ ಕ್ಯಾಲ್ಸಿಯಮ್ ಇಮೇಜಿಂಗ್ (ಸೆಲ್ ಒಳಗೆ ಕ್ಯಾಲ್ಸಿಯಮ್ ಏರಿದ್ರೆ ಬೆಳಗೋ ಡೈ ಹಾಕಿ ನೋಡೋದು) ಮಾಡಿದೀನಿ, ಕಣ್ಣಾರೆ ಕಂಡದ್ದು ಹೇಳ್ತೀನಿ, ಥಿಯರಿ ನೀವು ನೋಡ್ಕೊಳ್ಳಿ.

ಪಿತ್ತನಾಳದೊಳಗೆ ಕೊಲಾಜಿನೇಸ್ ಅನ್ನೋ ಅಂಗಾಂಶ ಕರಗಿಸೋ ಕಿಣ್ವ ಹಾಕಿದ್ರೆ ಮೇದೋಜೀರಕ ಬಲೂನ್ ಥರ ಉಬ್ಬತ್ತೆ. ಅದನ್ನ ಬೆಚ್ಚಗೆ ಇಟ್ಟು ಅಲ್ಲಾಡಿಸಿದ್ರೆ ಗಂಜಿ ಆಗತ್ತೆ, ಆ ಗಂಜಿ ಒಳಗೆ ಗಸಗಸೆಗಿಂತ ಸಣ್ಣ, ಬಿಳಿ ಬಿಳಿ ಉಂಡೆಗಳು, ಅವೇ ಐಲೆಟ್. ನೂರೈವತ್ತು ಮೈಕ್ರಾನ್ ಆದ್ರೆ ಒಳ್ಳೆ ಗಾತ್ರ. ಕಣ್ಣಿಗೆ ಡೌಟ್ ಬಂದ್ರೆ ಡಿಥಿಜೋನ್ ಅನ್ನೋ ಬಣ್ಣ ಹಾಕ್ತೀವಿ, ಗ್ರಾನ್ಯೂಲ್ ಒಳಗೆ ಇನ್ಸುಲಿನ್ ಜೊತೆ ಇರೋ ಜಿಂಕ್‌ನ ಹಿಡ್ಕೊಂಡು ಐಲೆಟ್ ಮಾತ್ರ ಕೆಂಪಗಾಗತ್ತೆ, ಮಿಕ್ಕ ಗಂಜಿ ಹಾಗೇ ಇರತ್ತೆ. ಪಿಪೆಟ್ಟಲ್ಲಿ ಒಂದೊಂದೇ ಆರಿಸಿ ತೆಗೆಯೋ ಹೊತ್ತಿಗೆ ಕುತ್ತಿಗೆ ಹಿಡ್ಕೊಂಡಿರತ್ತೆ. ಒಂದ್ಸಲ ಅರ್ಧ ದಿನ ಆರಿಸಿದ್ದನ್ನ ಇನ್‌ಕ್ಯುಬೇಟರ್ ಬಾಗಿಲು ಸರಿಯಾಗಿ ಹಾಕದೆ ರಾತ್ರಿ ಪೂರ್ತಿ ಬಿಟ್ಟು ಹೋಗಿ ಎಲ್ಲಾ ಹಾಳು ಮಾಡಿದ್ದೆ, ತಪ್ಪು ನಂದೇ, ಇವತ್ತಿಗೂ ಬಾಗಿಲು ಎರಡೆರಡು ಸಲ ಎಳೆದು ನೋಡ್ತೀನಿ.

ಇರಲಿ. ಡೈ ತುಂಬಿಸಿ ಮೈಕ್ರೋಸ್ಕೋಪ್ ಕೆಳಗಿಟ್ಟು 3 ಮಿಲಿಮೋಲಾರ್ ಗ್ಲೂಕೋಸ್ ಹರಿಸ್ತಿದ್ರೆ ಕತ್ತಲೆ. ಅಲ್ಲಿಂದ 11ಕ್ಕೆ ಬದಲಾಯಿಸ್ತೀವಿ. ತಕ್ಷಣ ಬೆಳಗತ್ತೆ ಅನ್ಕೊಂಡ್ರೆ ಇಲ್ಲ, ಮೊದಲು ಇನ್ನೂ ಒಂದು ಚೂರು ಮಂಕಾಗತ್ತೆ! ಮೊದಲ ಸಲ ನೋಡಿದಾಗ ಸೆಲ್ ಸಾಯ್ತಿದೆ ಅನ್ಕೊಂಡೆ. ಆಮೇಲೆ ಗೊತ್ತಾಯ್ತು, ಹೊಸದಾಗಿ ಸಿಕ್ಕ ಎಟಿಪಿ ಬಳಸ್ಕೊಂಡು ಒಳಗಿನ ಪಂಪ್‌ಗಳು ಇರೋ ಕ್ಯಾಲ್ಸಿಯಮ್‌ನೂ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಅನ್ನೋ ಸೆಲ್ಲಿನ ಒಳ ಗೋದಾಮಿಗೆ ತುಂಬ್ಕೊಳ್ತವೆ ಅಂತ. ಒಂದೆರಡು ನಿಮಿಷ ಹೀಗೇ. ಆಮೇಲೆ ಎಲ್ಲೋ ಒಂದು ಮೂಲೇಲಿ ಒಂದೆರಡು ಸೆಲ್ ಮಿನುಗ್ತವೆ, ಪಕ್ಕದವು ಸೇರ್ಕೊಳ್ತವೆ, ಇದ್ದಕ್ಕಿದ್ದ ಹಾಗೆ ಇಡೀ ಉಂಡೆ ಹೊತ್ಕೊಳತ್ತೆ. ಮೊದಲ ಏರಿಕೆ ದೊಡ್ಡದು, ಆಮೇಲೆ ಏರಿಳಿತ ಶುರು. ಪ್ರತಿ ಸಲ ಅಲೆ ಒಂದು ಕಡೆಯಿಂದ ಹೊರಟು ಇನ್ನೊಂದು ಕಡೆಗೆ ಒಂದೆರಡು ಸೆಕೆಂಡಲ್ಲಿ ದಾಟತ್ತೆ. ಬರಿಗಣ್ಣಿಗೆ ಎಲ್ಲಾ ಒಟ್ಟಿಗೆ ಅನ್ಸತ್ತೆ, ವಿಡಿಯೋ ನಿಧಾನ ಮಾಡಿದ್ರೆ ಮಾತ್ರ ಅಲೆ ಕಾಣತ್ತೆ.

ಏರಿಳಿತದಲ್ಲೂ ಎರಡು ಥರ, ಕೆಲವು ಐಲೆಟ್ ಹತ್ತಿಪ್ಪತ್ತು ಸೆಕೆಂಡಿಗೊಂದ್ಸಲ ಪಟಪಟ ಅಂತವೆ, ಕೆಲವು ಐದು ನಿಮಿಷಕ್ಕೊಂದ್ಸಲ ಆರಾಮಾಗಿ ಉಸಿರಾಡಿದ ಹಾಗೆ, ಕೆಲವಕ್ಕೆ ಎರಡೂ ಒಂದ್ರ ಮೇಲೊಂದು. ವೇಗದ್ದು ಹೆಚ್ಚಾಗಿ ಕ್ಯಾಲ್ಸಿಯಮ್ ಮತ್ತು ಚಾನಲ್‌ಗಳ ಜಟಾಪಟಿಯಿಂದ, ನಿಧಾನದ್ದಕ್ಕೆ ಗ್ಲೂಕೋಸ್ ಉರಿಸೋ ಮೆಟಬಾಲಿಸಮ್ಮೇ ಏರಿಳಿಯೋದು ಕಾರಣ ಅನ್ನೋ ಮಾದರಿ ಇದೆ.

ಅರ್ಧಜ್ಞಾನಿ:

ಅಯ್ಯೋ ಸಕ್ಕತ್ತಾಗಿದೆ, ಥ್ಯಾಂಕ್ಸ್ ಕತ್ತಲೆಕೋಣೆ ಅವ್ರೆ. ಹಾಗಾದ್ರೆ ಮೊದಲು ಮಿನುಗೋ ಆ ಒಂದೆರಡು ಸೆಲ್ಲೇ ಲೀಡರ್ ಅಲ್ವಾ? ಅವನ್ನ ಕೊಂದ್ರೆ ಐಲೆಟ್ ಏಳಲ್ವಾ? "ಹಬ್ ಸೆಲ್" ಅಂತ ಎಲ್ಲೋ ಓದಿದ ನೆನಪು.

ಕತ್ತಲೆಕೋಣೆ:

ಕೆಣಕಿದ್ರಿ ನೋಡಿ. ಇದ್ರ ಮೇಲೆ ಈ ಫೀಲ್ಡಲ್ಲಿ ಜಗಳಾನೇ ಇದೆ. 2016ರಲ್ಲಿ ಒಂದು ಪೇಪರ್ ಬಂತು, ಐಲೆಟ್ಟಲ್ಲಿ 1ರಿಂದ 10% ಸೆಲ್‌ಗಳು ಮಿಕ್ಕ ತುಂಬಾ ಸೆಲ್‌ಗಳ ಜೊತೆ ತಾಳ ಹಂಚ್ಕೊಳ್ತವೆ, ಅವೇ ಹಬ್ ಅಂತ. ಬೆಳಕು ಬಿಟ್ರೆ ಸೆಲ್ ಮೌನ ಆಗೋ ಹಾಗೆ ಜೀನ್ ಹಾಕಿ, ಒಂದೇ ಒಂದು ಹಬ್ ಸೆಲ್ ಮೇಲೆ ಬೆಳಕು ಬಿಟ್ಟು ನೋಡಿದ್ರು, ಇಡೀ ಐಲೆಟ್ ತಾಳ ಕುಸೀತು, ಬೇರೆ ಸೆಲ್ ಮೇಲೆ ಬಿಟ್ರೆ ಅಷ್ಟು ಆಗ್ಲಿಲ್ಲ. ಮಜಾ ಏನಂದ್ರೆ ಈ ಹಬ್ ಸೆಲ್‌ಗಳಲ್ಲಿ ಗ್ಲೂಕೋಕೈನೇಸ್ ಜಾಸ್ತಿ, ಆದ್ರೆ ಇನ್ಸುಲಿನ್ ಕಮ್ಮಿ. ಕೆಲಸ ಹೇಳೋರು, ಮಾಡೋರಲ್ಲ. ಎಲ್ಲಾ ಕಡೆ ಇರೋ ಮ್ಯಾನೇಜರ್ ಥರ. 2019ರಲ್ಲಿ ಜೀಬ್ರಾಫಿಶ್‌ನಲ್ಲಿ, ಬದುಕಿರೋ ಪ್ರಾಣಿ ಒಳಗೇ, ಮುಂದಾಳು ಸೆಲ್‌ಗಳು ಕಾಣ್ತವೆ ಅಂತಾನೂ ಬಂತು. ಬಿಸಿಬಿಸಿ ಚರ್ಚೆ.

ನಾನು ಆ ಕಡೆಯವನೇ, ಕಣ್ಣಾರೆ ನೋಡಿದೀನಲ್ಲ, ಒಂದೇ ಐಲೆಟ್‌ಗೆ ಮತ್ತೆ ಮತ್ತೆ ಗ್ಲೂಕೋಸ್ ಕೊಟ್ರೆ ಬಹಳ ಸಲ ಅದೇ ಜಾಗದಿಂದ್ಲೇ ಶುರು ಆಗತ್ತೆ.

ಕೋಶಪ್ರೇಮಿ:

ಇಲ್ಲಿ ನಂದು ತಕರಾರು ಇದೆ. ಶುರು ಮಾಡೋದು ಬೇರೆ, ನಡೆಸೋದು ಬೇರೆ. ಮೇಲೆ ಹೇಳಿದ ಬ್ರೇಕ್ ಲೆಕ್ಕಾನೇ ಇಲ್ಲಿ ಹಾಕಿ ನೋಡಿ. ಒಂಟಿ ಸೆಲ್ಲಿನ ಕರೆಂಟ್‌ನ ಪಕ್ಕದವರು ಹೀರ್ಕೊಂಡು ಬಿಡ್ತಾರೆ ಅಂದ್ಮೇಲೆ ಒಂದು ಸೆಲ್ ನೂರಾರು ಸೆಲ್‌ಗಳನ್ನ ಹೇಗ್ರಿ ಎಳ್ಕೊಂಡು ಹೋಗತ್ತೆ? 2020ರಲ್ಲಿ ಸ್ಯಾಟಿನ್, ಜಾಂಗ್, ರೋರ್ಸ್‌ಮನ್ ಇದೇ ಪ್ರಶ್ನೆ ಎತ್ತಿದ್ರು. ಇನ್ನೊಂದು, "ಹಬ್" ಅಂತ ಗುರುತಿಸೋದು ಹೇಗೆ? ಎರಡು ಸೆಲ್‌ಗಳ ಕ್ಯಾಲ್ಸಿಯಮ್ ಗೆರೆ ಒಂದೇ ಥರ ಏರಿಳಿದ್ರೆ ಅವುಗಳ ಮಧ್ಯೆ ನಂಟು ಅಂತ ಲೆಕ್ಕ. ಆದ್ರೆ ಒಂದೇ ಥರ ಏರಿಳಿಯೋಕೆ ಮಧ್ಯೆ ಕಿಂಡಿ ಇರಲೇಬೇಕಂತೇನಿಲ್ಲ, ಎರಡರ ಮೆಟಬಾಲಿಸಮ್ ಒಂದೇ ಥರ ಇದ್ರೂ ಆಗತ್ತೆ. 2023ರ ಒಂದು ಕೆಲಸ ಇದನ್ನೇ ತೋರ್ಸಿತು, ಆ ನೆಟ್‌ವರ್ಕಲ್ಲಿ ಕಾಣೋ ನಂಟು ಗ್ಯಾಪ್ ಜಂಕ್ಷನ್ ಎಷ್ಟಿದೆ ಅನ್ನೋದಕ್ಕಿಂತ ಸೆಲ್ಲಿನ ಮೆಟಬಾಲಿಸಮ್ ಹೇಗಿದೆ ಅನ್ನೋದಕ್ಕೇ ಹೆಚ್ಚು ಹೊಂದತ್ತೆ ಅಂತ.

ನನ್ನ ಪ್ರಕಾರ ಲೀಡರ್ ಅಂತ ಒಬ್ಬ ಇಲ್ಲ, ಒಂದಿಷ್ಟು ಬಿಸಿರಕ್ತದವು ಒಂದೇ ಕಡೆ ಗುಂಪಾಗಿ ಸಿಕ್ಕಿದ ಜಾಗದಿಂದ ಅಲೆ ಹೊರಡತ್ತೆ. ಅದಕ್ಕೇ ನೀವು ನೋಡಿದ ಹಾಗೆ ಅದೇ ಮೂಲೆ. ಸೆಲ್ ಅಲ್ಲ, ಮೂಲೆ.

ಕತ್ತಲೆಕೋಣೆ:

"ಸೆಲ್ ಅಲ್ಲ, ಮೂಲೆ" ಅನ್ನೋದು ಒಪ್ಕೋತೀನಿ, ಮೌನ ಮಾಡಿದ ಪ್ರಯೋಗಕ್ಕೆ ಮಾತ್ರ ನಿಮ್ಮ ಹತ್ರ ಪೂರ್ತಿ ಉತ್ರ ಇಲ್ಲ. ಹ್ಞಾಂ ಅರ್ಧಜ್ಞಾನಿ, ಕ್ಲಾಸಲ್ಲಿ ಹೇಳೋವಾಗ ಇನ್ನೊಂದು ನೆನಪಿಡಿ, ಇದೆಲ್ಲಾ ಹೆಚ್ಚಾಗಿ ಇಲಿ ಕಥೆ. ಇಲಿ ಐಲೆಟ್ಟಲ್ಲಿ ಬೀಟಾ ಸೆಲ್‌ಗಳು ಮಧ್ಯದಲ್ಲಿ ಗಟ್ಟಿಯಾಗಿ ತುಂಬ್ಕೊಂಡಿರ್ತವೆ, ಆಲ್ಫಾ ಅನ್ನೋ ಇನ್ನೊಂದು ಥರದ ಸೆಲ್‌ಗಳು ಅವುಗಳ ಸುತ್ತ ಸಿಪ್ಪೆ ಥರ ಇರ್ತವೆ. ಮನುಷ್ಯರ ಐಲೆಟ್ಟಲ್ಲಿ ಬೀಟಾ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಆಲ್ಫಾ ಮೂರರಲ್ಲೊಂದು ಪಾಲು, ಎಲ್ಲಾ ಕಲಸಿದ ಹಾಗೆ ಸೇರ್ಕೊಂಡಿರತ್ತೆ. ಹಾಗಾಗಿ ಮನುಷ್ಯರ ಐಲೆಟ್ ಇಡೀದಾಗಿ ಒಂದೇ ಅಲೆ ಹೊಡೆಯಲ್ಲ, ಅಲ್ಲಲ್ಲಿ ಗುಂಪು ಗುಂಪಾಗಿ ತಾಳ ಹಾಕತ್ತೆ. ಆಲ್ಫಾ ಬಿಡೋ ಗ್ಲುಕಗಾನ್ ಹಾರ್ಮೋನ್ ಬೀಟಾನ ಹುರಿದುಂಬಿಸತ್ತೆ, ಡೆಲ್ಟಾ ಅನ್ನೋ ಮತ್ತೊಂದು ಥರದ ಸೆಲ್ ಬಿಡೋ ಸೊಮ್ಯಾಟೋಸ್ಟಾಟಿನ್ ಹಾರ್ಮೋನ್ ಅದುಮತ್ತೆ, ಅಂದ್ರೆ ವೈರ್ ಬಿಟ್ಟು ಅಕ್ಕಪಕ್ಕದ ಕೂಗೂ ಇದೆ.

ಮದ್ದುಮಾತು:

ಡಾಕ್ಟರ್ ಕಡೆಯಿಂದ ನಂದೊಂದು ಮಾತು. ಅಲೆ ಯಾಕೆ ಬೇಕು ಅಂತ ಯಾರೂ ಹೇಳ್ಲಿಲ್ಲ. ಮೇದೋಜೀರಕದಿಂದ ಹೊರಟ ಇನ್ಸುಲಿನ್ ನೇರ ಮೈಗೆಲ್ಲಾ ಹೋಗಲ್ಲ, ಪೋರ್ಟಲ್ ರಕ್ತನಾಳದಲ್ಲಿ ಮೊದಲು ಲಿವರ್‌ಗೆ ಹೋಗತ್ತೆ, ಅಲ್ಲಿ ಅರ್ಧದಷ್ಟು ಅಥ್ವಾ ಇನ್ನೂ ಜಾಸ್ತಿ ಖರ್ಚಾಗತ್ತೆ. ಲಿವರ್‌ಗೆ ಈ ಇನ್ಸುಲಿನ್ ಸುಮಾರು ಐದು ನಿಮಿಷಕ್ಕೊಂದು ಹೊಡೆತ, ಮಧ್ಯೆ ಬಿಡುವು, ಹೀಗೆ ಬಂದ್ರೆ ಚೆನ್ನಾಗಿ ಕೇಳಿಸ್ಕೊಳತ್ತೆ, ಅಷ್ಟೇ ಇನ್ಸುಲಿನ್ ಒಂದೇ ಸಮ ಸುರಿದ್ರೆ ಕಿವಿ ಮಂದ ಆಗತ್ತೆ. ಯಾವಾಗ್ಲೂ ಬೈಯೋರ ಮಾತು ಯಾರೂ ಕಿವಿಗೆ ಹಾಕ್ಕೊಳಲ್ವಲ್ಲ ಹಾಗೆ.

ಟೈಪ್ 2 ಡಯಾಬಿಟಿಸ್‌ನಲ್ಲಿ ಬೇಗ ಹಾಳಾಗೋದ್ರಲ್ಲಿ ಈ ತಾಳಾನೂ ಒಂದು. ಮೊದಲ ಹತ್ತು ನಿಮಿಷದ ಜೋರು ಅಲೆ ಮಂಕಾಗತ್ತೆ, ಆಮೇಲಿನ ಏರಿಳಿತ ಅಡ್ಡಾದಿಡ್ಡಿ ಆಗತ್ತೆ. 1988ರಲ್ಲೇ, ಟೈಪ್ 2 ಇರೋರ ಹತ್ತಿರದ ಸಂಬಂಧಿಕರಲ್ಲಿ, ಅಂದ್ರೆ ಕಾಯಿಲೆ ಇನ್ನೂ ಜೋರಾಗದವರಲ್ಲೂ ಈ ತಾಳ ತಪ್ಪಿರೋದು ಕಂಡಿತ್ತು. ಕೊಬ್ಬಿನಾಮ್ಲ ಜಾಸ್ತಿ ಇರೋ ನೀರಲ್ಲಿ ಐಲೆಟ್ ಇಟ್ರೆ ಸೆಲ್‌ಗಳ ಮಧ್ಯದ ನಂಟು ಸಡಿಲ ಆಗತ್ತೆ ಅಂತಾನೂ ಲ್ಯಾಬಲ್ಲಿ ತೋರ್ಸಿದಾರೆ.

ಇನ್ನು ನೀವೆಲ್ಲಾ ಹೇಳ್ತಿರೋ ಕೆ-ಎಟಿಪಿ ಚಾನಲ್, ಅದನ್ನ ಮುಚ್ಚೋ ಮಾತ್ರೆಗಳನ್ನ ದಿನಾ ಬರೀತೀವಿ. ಗ್ಲಿಬೆನ್‌ಕ್ಲಮೈಡ್ ಥರದ ಸಲ್ಫೊನೈಲ್‌ಯೂರಿಯಾಗಳು. ಅವು ಗ್ಲೂಕೋಸ್ ಎಷ್ಟಿದೆ ಅಂತ ಕೇಳದೆ ಚಾನಲ್ ಮುಚ್ಚತ್ತೆ, ಕೋಶಪ್ರೇಮಿ ಹೇಳಿದ ಬ್ರೇಕೇ ತೆಗೆದ ಹಾಗೆ, ಅದಕ್ಕೇ ಊಟ ಬಿಟ್ರೆ ಶುಗರ್ ಪಾತಾಳಕ್ಕೆ ಇಳಿಯೋ ಅಪಾಯ. ಇದೇ ಮಾತ್ರೆ ಕೆಲವು ಕಂದಮ್ಮಗಳಿಗೆ ವರ ಕೂಡ ಹೌದು. ಹುಟ್ಟಿ ಆರು ತಿಂಗಳೊಳಗೇ ಡಯಾಬಿಟಿಸ್ ಬರೋ ಮಕ್ಕಳಲ್ಲಿ ಕೆಲವರಿಗೆ ಈ ಚಾನಲ್ ಮುಚ್ಚೋಕೇ ಬರದ ಹಾಗೆ ಜೀನ್ ದೋಷ ಇರತ್ತೆ ಅಂತ 2004ರಲ್ಲಿ ಗೊತ್ತಾಯ್ತು, ಅವರಲ್ಲಿ ಬಹಳಷ್ಟು ಜನ ಇನ್ಸುಲಿನ್ ಸೂಜಿ ಬಿಟ್ಟು ಮಾತ್ರೆಗೆ ಬಂದ್ರು.

ವೈರ್‌ಮ್ಯಾನ್:

ಒಂದು ಐಲೆಟ್ ಒಳಗೆ ವೈರಿಂಗ್ ಇದೆ ಸರಿ. ಒಂದು ಐಲೆಟ್‌ಗೂ ಇನ್ನೊಂದಕ್ಕೂ ಮಧ್ಯೆ ಏನೂ ಇಲ್ವಲ್ಲ, ಹತ್ತು ಲಕ್ಷ ಐಲೆಟ್ ತಮ್ಮ ತಮ್ಮ ತಾಳ ಹಾಕಿದ್ರೆ ರಕ್ತದಲ್ಲಿ ಎಲ್ಲಾ ಕಲಸಿ ಒಂದೇ ಸಮ ಆಗಬೇಕಿತ್ತು. ಅಲೆ ಹೇಗೆ ಉಳೀತು?

ಕೋಶಪ್ರೇಮಿ:

ಇದು ನಿಜಕ್ಕೂ ಕಷ್ಟದ್ದು. 1980ರಲ್ಲಿ ನಾಯಿಯ ಮೇದೋಜೀರಕ ಪೂರ್ತಿ ಹೊರಗೆ ತೆಗೆದು ದ್ರವ ಹರಿಸ್ತಾ ನೋಡಿದ್ರು, ಮೆದುಳಿನ ನರ ಇಲ್ಲ, ಲಿವರ್ ಇಲ್ಲ, ಆದ್ರೂ ಇನ್ಸುಲಿನ್ ಏರಿಳೀತಿತ್ತು. ಅಂದ್ರೆ ಅಂಗದ ಒಳಗೇ ಏನೋ ಇದೆ. ಮೇದೋಜೀರಕದೊಳಗೆ ಹರಡಿರೋ ಸಣ್ಣ ಸಣ್ಣ ನರದ ಗಂಟುಗಳು ಆ ಕೆಲಸ ಮಾಡ್ತವೆ ಅನ್ನೋದು ಒಂದು ವಾದ. ಅದಕ್ಕೆ ಪೂರಕವಾಗಿ, ಡಿಶ್ಶಲ್ಲಿ ಬೇರೆ ಬೇರೆ ತಾಳದಲ್ಲಿದ್ದ ಇಲಿ ಐಲೆಟ್‌ಗಳಿಗೆ, ನರಗಳು ಬಿಡೋ ಅಸಿಟೈಲ್‌ಕೋಲಿನ್ ಥರದ ಔಷಧಿ ಸ್ವಲ್ಪ ಹೊತ್ತು ಕೊಟ್ಟು ತೆಗೆದ್ರೆ ಆಮೇಲೂ ಒಟ್ಟಿಗೆ ಮಿಡಿದವು. ಇನ್ನೊಂದು ವಾದ ಲಿವರ್ ಮೂಲಕ, ಇನ್ಸುಲಿನ್ ಏರಿದ್ರೆ ಗ್ಲೂಕೋಸ್ ಇಳಿಯತ್ತೆ, ಆ ಇಳಿತ ಎಲ್ಲಾ ಐಲೆಟ್‌ಗೂ ಒಟ್ಟಿಗೆ ಮುಟ್ಟತ್ತೆ, ಹಾಗೆ ಸುತ್ತು ಹಾಕ್ತಾ ಹಾಕ್ತಾ ಹೊಂದ್ಕೊಳ್ತವೆ. ನಂಗೆ ಎರಡೂ ಸೇರಿ ಅನ್ಸತ್ತೆ.

ಅರ್ಧಜ್ಞಾನಿ:

ಕೊನೇದಾಗಿ ಒಂದು. ಮದ್ದುಮಾತು ಸರ್ ಐದು ನಿಮಿಷಕ್ಕೊಂದು ಹೊಡೆತ ಅಂದ್ರು, ನನ್ನ ಬುಕ್ಕಲ್ಲಿ 10ರಿಂದ 15 ನಿಮಿಷ ಅಂತಿದೆ. ಯಾವ್ದು ಬರೀಲಿ? ಮೇಡಂ ಇಂಥದ್ದೇ ಹಿಡಿದು ಕೇಳ್ತಾರೆ.

ಮದ್ದುಮಾತು:

ಎರಡೂ ಅಳತೆ ಮಾಡಿದ ಜಾಗ ಬೇರೆ ಕಣಪ್ಪ. ಹಳೇ ಅಳತೆ ಕೈ ರಕ್ತನಾಳದ್ದು, ಅಷ್ಟು ಹೊತ್ತಿಗೆ ಲಿವರ್ ತನ್ನ ಪಾಲು ತಿಂದು ಮಿಕ್ಕಿದ್ದು ಇಡೀ ಮೈ ರಕ್ತದಲ್ಲಿ ಕರಗಿ ಹೋಗಿರತ್ತೆ, ಸಣ್ಣ ಅಲೆಗಳು ಅಳತೆಗೇ ಸಿಗದೆ ದೊಡ್ಡವು ಮಾತ್ರ ಕಾಣ್ತವೆ. ರಕ್ತ ತೆಗೆಯೋದೂ ಕೆಲವು ನಿಮಿಷಕ್ಕೊಂದ್ಸಲ ಆದ್ರೆ ಮಧ್ಯದ್ದು ತಪ್ಪೋಗತ್ತೆ. ಪೋರ್ಟಲ್ ರಕ್ತನಾಳದಲ್ಲೇ ನಿಮಿಷ ನಿಮಿಷಕ್ಕೂ ತೆಗೆದು ಅಳೆದಾಗ 4ರಿಂದ 6 ನಿಮಿಷ ಬಂತು. ಎರಡೂ ಬರೀರಿ, ಪಕ್ಕದಲ್ಲಿ ಎಲ್ಲಿಂದ ತೆಗೆದ ರಕ್ತ ಅಂತಾನೂ ಬರೀರಿ.